ಅಮೇರಿಕೆಯಲ್ಲಿ ಕಲಿತ ಡಾಕ್ಟರು, ಹುಬ್ಬಳ್ಳಿಯಲ್ಲಿ ಕಟ್ಟಿದ ದಳ

ನೀಟ್ ಪರೀಕ್ಷೆಯ ಫಲಿತಾಂಶ ಬಂತೆಂದರೆ ಸಾಕು, ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ ತಿಕೋಟಾ ಗಾಡಿ, ಬಬಲೇಶ್ವರ ಗಾಡಿ ಕಾಯುವ ಮಂದಿಯ ಬಾಯಲ್ಲಿ ಒಂದೇ ಮಾತು. ಯಾರ ಮಗನಿಗೆ ಎಷ್ಟು ಬಿತ್ತು, ಸೀಟು ಸಿಕ್ಕೀತೋ ಇಲ್ಲವೋ, ಸಿಗದಿದ್ದರೆ ಹೊರದೇಶಕ್ಕೆ ಕಳಿಸೋದೋ ಹ್ಯಾಂಗ. ಊರಲ್ಲಿ ಮೆಡಿಕಲ್ ಕಾಲೇಜು ಇಲ್ಲವೇ ಅಂದರೆ ಇವೆ, ಅದೂ ಎರಡು. 1984ರಲ್ಲಿ ಅಲ್-ಅಮೀನ್ ಕಾಲೇಜು ಬಂತು, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು ಬಂತು. ಆದರೆ ಅಂಕ ಇದ್ದವರಿಗೆ ರೊಕ್ಕ ಇಲ್ಲ, ರೊಕ್ಕ ಇದ್ದವರಿಗೆ ಅಂಕ ಇಲ್ಲ, ನಡುವಿನವರಿಗೆ ಎರಡೂ ಅರ್ಧಂಬರ್ಧ. ಹಿಂಗಾಗಿ ದ್ರಾಕ್ಷಿ ತೋಟದ ಮೇಲೆ ಸಾಲ ಎತ್ತಿ, ಇಂಗ್ಲಿಷಿನಲ್ಲಿ ಪಾಠ ಹೇಳುವ ಪರದೇಶದ ಕಾಲೇಜು ಹುಡುಕುವವರು ಉಂಟು. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ನೂರಾರು ಮಕ್ಕಳು ನೆಲಮಾಳಿಗೆಯಲ್ಲಿ ಕೂತು ಮನೆಗೆ ಫೋನು ಹಚ್ಚಿದ್ದನ್ನು ಯಾರೂ ಮರೆತಿಲ್ಲ.

ಓದಿ ಬಂದರೂ ಕೆಲಸ ಮುಗಿಯಲಿಲ್ಲ. ಇಲ್ಲಿ ಮತ್ತೊಂದು ಪರೀಕ್ಷೆ, 300ಕ್ಕೆ 150 ಅಂಕ ಬಂದರೆ ಮಾತ್ರ ಡಾಕ್ಟರಿಕೆಯ ಪರವಾನಗಿ. ಹಂಗಾದರೆ ಅಷ್ಟು ದೂರ ಹೋಗಿ ಮಗ ತಂದದ್ದೇನು ಎಂದು ತಂದೆ ಕೇಳಿದರೆ ತಪ್ಪೇನೂ ಅಲ್ಲ. ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಮುಂಬೈ ಕರ್ನಾಟಕದ ಒಬ್ಬ ಮನುಷ್ಯ 1913ರಲ್ಲೇ ವೈದ್ಯಕೀಯ ಓದಿಗೆ ಸಮುದ್ರ ದಾಟಿ ಹೋಗಿ, ಎಂಟು ವರ್ಷದ ಮೇಲೆ ತಿರುಗಿ ಬಂದ. ಆತ ತಂದದ್ದೇನು ಅನ್ನುವುದೇ ಇವತ್ತಿನ ಕಥೆ. ಆತ ಬೇರೆ ಯಾರೂ ಅಲ್ಲ, ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಹರ್ಡೀಕರ ಅಂದ ಕೂಡಲೇ ಆಲಮಟ್ಟಿಯ ಆಶ್ರಮ ನೆನಪಾಗುತ್ತದೆ. ಅವರು ಹರ್ಡೇಕರ ಮಂಜಪ್ಪನವರು, ಕರ್ನಾಟಕದ ಗಾಂಧಿ ಅನ್ನಿಸಿಕೊಂಡವರು. ಆ ಹೆಸರು ಬೇರೆ, ಈ ಹೆಸರು ಬೇರೆ. ಇಬ್ಬರೂ ಒಂದೇ ಕಾಲದವರು, ಇಬ್ಬರೂ ಖಾದಿಯವರು, ಅದಕ್ಕೇ ಗೊಂದಲ. ಇವರು ಡಾಕ್ಟರ್ ಹರ್ಡೀಕರ, ಹುಬ್ಬಳ್ಳಿಯವರು, ಕಾಂಗ್ರೆಸ್ ಸೇವಾದಳ ಕಟ್ಟಿದವರು.

ಹುಟ್ಟಿದ್ದು 1889ರ ಮೇ 7. ಆ ಕಾಲದಲ್ಲಿ ವಿಜಯಪುರ, ಧಾರವಾಡ, ಬೆಳಗಾವಿ ಎಲ್ಲವೂ ಮುಂಬೈ ಇಲಾಖೆಗೆ ಸೇರಿದ್ದವು. ಡಾಕ್ಟರಿಕೆ ಕಲಿಯಬೇಕಾದರೆ ಮುಂಬೈಗೆ ಹೋಗಬೇಕು. ರೋಗ ಜೋರಾದರೆ ಮಿರಜಕ್ಕೆ ಹೋಗಬೇಕು. 1894ರಲ್ಲಿ ವಾನ್‌ಲೆಸ್ ಎಂಬ ಮಿಶನರಿ ಡಾಕ್ಟರು ಅಲ್ಲಿ ದವಾಖಾನೆ ತೆರೆದಿದ್ದರು. ಮಿರಜಕ್ಕೆ ಒಯ್ಯೋದು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹುಟ್ಟಿದ್ದೇ ಹಾಗೆ. ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ, ಬೆಳಗಾವಿಗೆ 1963ರಲ್ಲಿ. ಅಷ್ಟು ತಡ.

ಆ ತಡದ ನಡುವೆ ಜನ ಹ್ಯಾಂಗ ಸತ್ತರು ಅನ್ನುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. 1896ರಲ್ಲಿ ಮುಂಬೈಗೆ ಪ್ಲೇಗು ಕಾಲಿಟ್ಟಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿಯನ್ನು ನುಂಗಿತು. ಇಲಿ ಬಿತ್ತೆಂದರೆ ಮನೆಗೆ ಕೀಲಿ, ಊರು ಬಿಟ್ಟು ಹೊಲದಾಗ ಗುಡಿಸಲು. ಆ ವರ್ಷ ಹರ್ಡೀಕರ ಒಂಬತ್ತು ವರ್ಷದ ಹುಡುಗ. ಅಷ್ಟು ವಯಸ್ಸಿನಲ್ಲಿ ಕಂಡದ್ದು ಯಾರ ಮನಸ್ಸಿನಿಂದಲೂ ಸುಮ್ಮನೆ ಅಳಿಯುವಂಥದ್ದಲ್ಲ. ಮುಂದೆ ಅವರು ಪರದೇಶದಲ್ಲಿ ಓದಿದ್ದು ಗಾಯ ಹೊಲಿಯುವ ವಿದ್ಯೆಯಲ್ಲ, ಊರಿಗೆ ಊರೇ ರೋಗಕ್ಕೆ ಬೀಳದಂತೆ ಕಾಯುವ ವಿದ್ಯೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಮೊದಲ ಓದು ಕಲ್ಕತ್ತೆಯಲ್ಲಿ, ಕಾಲೇಜ್ ಆಫ್ ಫಿಜಿಶಿಯನ್ಸ್ ಅಂಡ್ ಸರ್ಜನ್ಸ್‌ನಲ್ಲಿ. ಮುಂಬೈ ಬಿಟ್ಟು ಅಷ್ಟು ದೂರದ ಕಲ್ಕತ್ತೆ. 1905ರ ವಂಗಭಂಗದ ಬಿಸಿ ಆರಿರದ ಕಾಲ, ಸ್ವದೇಶಿ ಅರಿವೆಯ ಕಾಲ. ಇತ್ತ 1908ರಲ್ಲಿ ಲೋಕಮಾನ್ಯ ಟಿಳಕರನ್ನು ಮಂಡಾಲೆಗೆ ಒಯ್ದಿದ್ದರು. ಟಿಳಕರೆಂದರೆ ಜೀವ ಬಿಡುವ ಹುಡುಗರ ಪೈಕಿ ಹರ್ಡೀಕರರೂ ಒಬ್ಬರು.

ಡಾಕ್ಟರಾಗಿ ದೊಡ್ಡ ಸರ್ಕಾರಿ ಕುರ್ಚಿ ಬೇಕಾದವರು ಆಗ ಹಿಡಿಯುತ್ತಿದ್ದದ್ದು ಲಂಡನ್ ಇಲ್ಲವೆ ಎಡಿನ್‌ಬರೋ ದಾರಿ. ಇಂಡಿಯನ್ ಮೆಡಿಕಲ್ ಸರ್ವಿಸಿನ ಪರೀಕ್ಷೆ ನಡೆಯುತ್ತಿದ್ದುದೇ ಲಂಡನ್ನಿನಲ್ಲಿ. ಅಮೇರಿಕೆಯ ಡಿಗ್ರಿಯನ್ನು ಇಲ್ಲಿಯ ಸಾಹೇಬರು ಎಲ್ಲಿ ಕೇಳುತ್ತಿದ್ದರು? ಆದರೂ 1913ರಲ್ಲಿ ಹರ್ಡೀಕರ ಹೊರಟದ್ದು ಅಮೇರಿಕೆಗೆ. ಲೆಕ್ಕ ಹಾಕಿ ನೋಡುವವನಿಗೆ ಇದು ಮೊದಲ ಹೆಜ್ಜೆಯಲ್ಲೇ ನುಕ್ಸಾನಿನ ವ್ಯಾಪಾರ.

ಸೇರಿದ್ದು ಮಿಶಿಗನ್ ವಿಶ್ವವಿದ್ಯಾಲಯ. ಊರು ಆನ್ ಆರ್ಬರ್. ಹ್ಯೂರಾನ್ ಎಂಬ ಹೊಳೆಯ ದಂಡೆ, ಡೆಟ್ರಾಯಿಟಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ. ನಮ್ಮ ಬಿಸಿಲಿನವರಿಗೆ ಅದರ ಕಲ್ಪನೆಯೂ ಬಾರದು. ಅಲ್ಲಿಯ ಮೆಡಿಕಲ್ ಸ್ಕೂಲು 1850ರಷ್ಟು ಹಳೆಯದು. 1869ರಲ್ಲೇ ವಿಶ್ವವಿದ್ಯಾಲಯ ತನ್ನದೇ ದವಾಖಾನೆ ಇಟ್ಟಿತ್ತು. 1870ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿತ್ತು, ಮರುವರ್ಷವೇ ಅಮಾಂಡಾ ಸ್ಯಾನ್‌ಫರ್ಡ್ ಎಂಬಾಕೆ ಅಲ್ಲಿಂದ ಡಾಕ್ಟರಾಗಿ ಹೊರಬಿದ್ದಳು. ಆಗ ನಮ್ಮ ಕಡೆ ಹೆಣ್ಣು ಹುಡುಗಿ ಸಾಲಿ ಕಟ್ಟೆ ಹತ್ತುವುದೇ ಅಪರೂಪ.

ಆದರೆ ಆನ್ ಆರ್ಬರಿನ ದೊಡ್ಡ ಹೆಸರು ಇದ್ದದ್ದು ಬೇರೆ ಕಾರಣಕ್ಕೆ. ಅಲ್ಲಿಯ ಡೀನ್ ವಿಕ್ಟರ್ ವಾನ್ ಎಂಬ ಡಾಕ್ಟರು, ಅವರ ಜೊತೆಗೆ ಫ್ರೆಡರಿಕ್ ನೋವಿ ಎಂಬ ರೋಗಾಣು ಶಾಸ್ತ್ರಜ್ಞ. ಇಬ್ಬರೂ 1888ರಲ್ಲಿ ಬರ್ಲಿನ್ನಿಗೆ ಹೋಗಿ, ಕ್ಷಯ ಮತ್ತು ಕಾಲರಾ ರೋಗಾಣು ಕಂಡುಹಿಡಿದ ರಾಬರ್ಟ್ ಕಾಖ್ ಅವರ ಪ್ರಯೋಗಶಾಲೆಯಲ್ಲಿ ಕಲಿತು ಬಂದವರು. ಬಂದು ಆನ್ ಆರ್ಬರಿನಲ್ಲಿ ಆರೋಗ್ಯಶಾಸ್ತ್ರದ ಪ್ರಯೋಗಶಾಲೆ ನಡೆಸಿದರು. ಕುಡಿಯುವ ನೀರು ತಂದು ಸೂಕ್ಷ್ಮದರ್ಶಕದ ಕೆಳಗಿಡುವುದು, ಹಾಲು ಪರೀಕ್ಷಿಸುವುದು, ಜ್ವರ ಯಾವ ಗಲ್ಲಿಯಿಂದ ಹೊರಟಿತು ಎಂದು ಮನೆ ಮನೆ ಲೆಕ್ಕ ಹಿಡಿದು ಬೆನ್ನಟ್ಟುವುದು, ಇದೇ ಅಲ್ಲಿಯ ವಿದ್ಯೆ. ಹರ್ಡೀಕರ ಅಲ್ಲಿ ಪಡೆದದ್ದು ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್‌ಸಿ. ಪದವಿ.

ಸಾರ್ವಜನಿಕ ಆರೋಗ್ಯ ಎಂದರೆ ಏನು ಅನ್ನುವವರಿಗೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಸಾಕು. ನಾರುಹುಣ್ಣು ಎಂಬ ರೋಗವನ್ನು ಇಲ್ಲಿಯ ಹಿರಿಯರು ಬಲ್ಲರು. ಕಾಲಿನಿಂದ ನೂಲಿನಂಥ ಹುಳ ಹೊರಬರುವುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯುವುದು. ಅದಕ್ಕೆ ಗುಳಿಗೆ ಇರಲಿಲ್ಲ, ಸೂಜಿ ಇರಲಿಲ್ಲ. ಮೆಟ್ಟಿಲು ಬಾವಿಯೊಳಗೆ ಕಾಲಿಟ್ಟು ನೀರು ತುಂಬುವುದನ್ನು ನಿಲ್ಲಿಸಿ, ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯಲು ಕಲಿಸಿ, ಕೊಳವೆ ಬಾವಿ ಹಾಕಿಸಿದ ಮೇಲೆ ರೋಗವೇ ನಾಪತ್ತೆ. 1996ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದ, 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಘೋಷಣೆ ಆಯಿತು. ಒಬ್ಬ ಡಾಕ್ಟರು ಒಬ್ಬ ರೋಗಿಯ ನಾಡಿ ಹಿಡಿದು ಆಗುವ ಕೆಲಸವಲ್ಲ ಇದು. ಸಾವಿರ ಮಂದಿ ಒಂದು ಶಿಸ್ತಿಗೆ ಬಂದರೆ ಆಗುವ ಕೆಲಸ.

ಡೀನ್ ವಾನ್ ಸಾಹೇಬರ ಹೆಸರು ಜಗತ್ತಿಗೆ ಗೊತ್ತಾದದ್ದೂ ಇಂಥದ್ದೇ ಒಂದು ಕೆಲಸದಿಂದ. 1898ರಲ್ಲಿ ಅಮೇರಿಕೆಗೂ ಸ್ಪೇನಿಗೂ ಯುದ್ಧವಾಯಿತು. ಅಮೇರಿಕೆಯ ಸಿಪಾಯಿಗಳು ಶತ್ರುವಿನ ಗುಂಡಿಗೆ ಸತ್ತದ್ದು ಕಡಿಮೆ. ತಮ್ಮದೇ ನಾಡಿನ ಡೇರೆಗಳಲ್ಲಿ ಮಲಗಿ ಟೈಫಾಯ್ಡಿಗೆ ಸತ್ತವರು ಅದರ ಹಲವು ಪಟ್ಟು. ಕಾರಣ ಹುಡುಕಲು ಹೋದ ಮೂವರು ಡಾಕ್ಟರರಲ್ಲಿ ವಾನ್ ಒಬ್ಬರು. ಕಕ್ಕಸಿನ ಮೇಲೆ ಕೂತ ನೊಣ ಊಟದ ತಾಟಿಗೆ ಬಂದು ಕೂರುತ್ತದೆ, ಒಬ್ಬರ ಮೈಯ ಹೊಲಸು ಕೈಯಿಂದ ಕೈಗೆ ದಾಟುತ್ತದೆ, ರೋಗ ಹರಡಿದ್ದು ಹಾಗೆ ಎಂದು ಅವರು ತೋರಿಸಿಕೊಟ್ಟರು. ಹತ್ತು ಸಾವಿರ ಮಂದಿಯನ್ನು ಒಂದು ಬಯಲಿನಲ್ಲಿ ಇಳಿಸಿದರೆ ನೀರೆಲ್ಲಿ, ಅಡಿಗೆಯೆಲ್ಲಿ, ಕಕ್ಕಸೆಲ್ಲಿ, ಅದನ್ನು ಮುಚ್ಚುವವರ್ಯಾರು ಎಂಬುದನ್ನು ಮೊದಲು ಗೊತ್ತುಮಾಡಬೇಕು. ಆನ್ ಆರ್ಬರಿನ ಪಾಠಗಳಿಗೆ ಈ ವಿಚಾರಣೆಯೇ ಬೆನ್ನೆಲುಬು.

ಇನ್ನು ವಿದ್ಯಾರ್ಥಿ ಜೀವನ. ಪರದೇಶದಲ್ಲಿ ಓದುವ ಹುಡುಗನಿಗೆ ಪುಸ್ತಕಕ್ಕಿಂತ ದೊಡ್ಡ ಪಾಠವೆಂದರೆ ಅಲ್ಲಿ ತನ್ನ ಬೆಲೆ ಎಷ್ಟು ಎಂಬುದು. ಆಗಿನ ಅಮೇರಿಕೆಯಲ್ಲಿ ಸಿಖ್ಖನಾಗಲಿ, ಮುಸಲ್ಮಾನನಾಗಲಿ, ಕನ್ನಡಿಗನಾಗಲಿ, ಎಲ್ಲರಿಗೂ ಹಿಂದೂ ಎಂದೇ ಹೆಸರು. ಅಲ್ಲಿ ಓದುವ ನಮ್ಮ ಹುಡುಗರಲ್ಲಿ ಅನೇಕರು ಹೋಟೇಲಿನಲ್ಲಿ ತಾಟು ತೊಳೆದು, ಸೂಟಿಯಲ್ಲಿ ಹೊಲದ ಕೂಲಿ ಮಾಡಿ ಫೀಸು ತುಂಬುತ್ತಿದ್ದರು. ಊರಲ್ಲಿ ಒಂದು ಲೋಟ ತೊಳೆಯದ ಮನೆತನದ ಮಕ್ಕಳು! 1914ರಲ್ಲಿ ಮಹಾಯುದ್ಧ ಶುರುವಾದ ಮೇಲಂತೂ ಹಡಗು ದಾರಿಯೂ ಅಪಾಯ, ಊರಿನ ಟಪಾಲೂ ತಡ. 1917ರ ಫೆಬ್ರುವರಿಯಲ್ಲಿ ಅಮೇರಿಕೆ ಕಾನೂನು ಮಾಡಿ ನಮ್ಮ ಕೂಲಿಕಾರರು ಬರದಂತೆ ಬಾಗಿಲು ಮುಚ್ಚಿತು. ವಿದ್ಯಾರ್ಥಿಗಳಿಗೆ ಮಾತ್ರ ಕಿಂಡಿ ಬಿಟ್ಟರು.

ಈ ಹುಡುಗರಿಗೆ ಒಂದು ಸಂಘ ಇತ್ತು, ಹಿಂದುಸ್ತಾನ್ ಅಸೋಸಿಯೇಶನ್ ಆಫ್ ಅಮೇರಿಕಾ ಅಂತ. ಹಿಂದುಸ್ತಾನಿ ಸ್ಟೂಡೆಂಟ್ ಎಂಬ ಪತ್ರಿಕೆ ತೆಗೆಯುತ್ತಿತ್ತು. ಹೊಸದಾಗಿ ಬಂದ ಹುಡುಗನಿಗೆ ಊರು, ಕಾಲೇಜು, ಖರ್ಚು, ಕೆಲಸ ಎಲ್ಲಕ್ಕೂ ಇಂಥ ಸಂಘವೇ ದಿಕ್ಕು. ಹರ್ಡೀಕರ ಇದಕ್ಕೆ ಅಧ್ಯಕ್ಷರಾದರು. ಸಂಘ ನಡೆಸುವುದು, ಪಟ್ಟಿ ಎತ್ತುವುದು, ಸಭೆ ಕರೆಯುವುದು ಅವರಿಗೆ ಒಗ್ಗಿದ್ದು ಅಲ್ಲಿ.

ಅಷ್ಟರಲ್ಲಿ ಬಂದವರು ಲಾಲಾ ಲಜಪತರಾಯರು. ಯುದ್ಧ ಕಾಲದಲ್ಲಿ ಅವರು ಭಾರತಕ್ಕೆ ಮರಳಲಾಗದೆ ಅಮೇರಿಕೆಯಲ್ಲೇ ನಿಂತಿದ್ದರು. ಆ ದೇಶದಲ್ಲಿ ಆಗ ನಮ್ಮವರ ದಾರಿ ಎರಡು. ಪಶ್ಚಿಮ ದಂಡೆಯಲ್ಲಿ 1913ರಲ್ಲಿ ಹುಟ್ಟಿದ ಗದರ ಪಕ್ಷದ್ದು ಬಂದೂಕಿನ ದಾರಿ. ಅವರ ಮೇಲೆ 1917ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಖಟ್ಲೆಯೇ ನಡೆಯಿತು. ಲಾಲಾಜಿಯದು ಬಾಯಿಬಿಟ್ಟು ಹೇಳುವ ದಾರಿ. 1917ರ ಅಕ್ಟೋಬರದಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಕಟ್ಟಿದರು. 1918ರ ಜನವರಿಯಿಂದ ಯಂಗ್ ಇಂಡಿಯಾ ಎಂಬ ಮಾಸಪತ್ರಿಕೆ ಹೊರಟಿತು. ಲಾಲಾಜಿಯ ಬಲಗೈಯಾಗಿ ನಿಂತವರು ಡಾಕ್ಟರ್ ಹರ್ಡೀಕರ. ಲೀಗಿನಲ್ಲಿ ಸಂಡರ್‌ಲ್ಯಾಂಡ್ ಎಂಬ ಪಾದ್ರಿಯೂ ಇದ್ದರು. ಯೋಗಾಯೋಗ ನೋಡಿ, ಆ ಪಾದ್ರಿ ಹಿಂದೆ ಇಪ್ಪತ್ತು ವರ್ಷ ಆನ್ ಆರ್ಬರಿನ ಚರ್ಚಿನಲ್ಲೇ ಇದ್ದವರು. ಭಾರತದ ದಾಸ್ಯದ ಬಗ್ಗೆ ಅವರು ಬರೆದ ಪುಸ್ತಕವನ್ನು ಬ್ರಿಟಿಷ್ ಸರ್ಕಾರ 1929ರಲ್ಲಿ ಜಪ್ತು ಮಾಡಿತು.

1918ರ ಮೇ ತಿಂಗಳಲ್ಲಿ ಇತ್ತ ನಮ್ಮ ವಿಜಯಪುರದಲ್ಲಿ ಮುಂಬೈ ಪ್ರಾಂತ ರಾಜಕೀಯ ಪರಿಷತ್ತು ನಡೆದು, ಗಾಂಧೀಜಿ ಬಂದು ಹೋದರು. ಅದೇ ಹೊತ್ತಿಗೆ ಅತ್ತ ಈ ಕನ್ನಡಿಗ ಅಮೇರಿಕೆಯ ಊರಿಂದ ಊರಿಗೆ ಅಲೆದು, ಭಾರತದಲ್ಲಿ ಏನು ನಡೆದಿದೆ ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದ. ಮರುವರ್ಷ ಜಲಿಯನ್‌ವಾಲಾ ಬಾಗಿನ ಸುದ್ದಿ ಬಂದ ಮೇಲಂತೂ ಲೀಗಿಗೆ ಪುರುಸೊತ್ತಿಲ್ಲದ ಕೆಲಸ. ಡಾಕ್ಟರಿಕೆ ಓದಲು ಹೋದವನು ಸೂಕ್ಷ್ಮದರ್ಶಕ ಬಿಟ್ಟು ಕರಪತ್ರ ಹಂಚಿದ. ಇವತ್ತಿನ ತಂದೆಯಾದರೆ ಮಗ ಕೆಟ್ಟ ಅಂತಲೇ ಅನ್ನುತ್ತಿದ್ದ.

1921ರಲ್ಲಿ ಊರಿಗೆ ಬಂದರು. ಟಿಳಕರು ತೀರಿ ವರ್ಷವಾಗುತ್ತ ಬಂದಿತ್ತು. ಗಾಂಧಿಯ ಅಸಹಕಾರದ ಗಾಳಿ ಬೀಸಿತ್ತು. ಅಮೇರಿಕೆಯಿಂದ ಬಂದ ಡಾಕ್ಟರಿಗೆ ಹುಬ್ಬಳ್ಳಿಯಂಥ ವ್ಯಾಪಾರದ ಊರಿನಲ್ಲಿ ದವಾಖಾನೆ ಹಾಕಿದ್ದರೆ ರೊಕ್ಕಕ್ಕೇನು ಬರ? ಅವರು ಹಿಡಿದದ್ದು ಸ್ವಯಂಸೇವಕರ ಕೆಲಸ. ಹುಡುಗರನ್ನು ಕೂಡಿಸಿ ಸಾಲು ನಿಲ್ಲಿಸಿ ಕವಾಯತು ಕಲಿಸಿದರು. ಹೆಣ್ಣುಮಕ್ಕಳ ತಿಲಕ ಕನ್ಯಾಶಾಲೆಯ ಜವಾಬ್ದಾರಿಯನ್ನು ಉಮಾಬಾಯಿ ಕುಂದಾಪುರ ಎಂಬ ಎಳೆ ವಯಸ್ಸಿನ ವಿಧವೆಗೆ ಒಪ್ಪಿಸಿದರು. ವಿಧವೆ ಹೊರಗೆ ಮುಖ ತೋರಿಸಬಾರದೆನ್ನುವ ಕಾಲ ಅದು. ಹೆಣ್ಣುಮಕ್ಕಳೂ ಗಂಡಸರ ಸಮ ಕೂತು ಹೆಣ ಕೊಯ್ದು ಕಲಿಯುವುದನ್ನು ಆನ್ ಆರ್ಬರಿನಲ್ಲಿ ಕಂಡವನಿಗೆ ಇದು ದೊಡ್ಡ ಮಾತೆನಿಸಿರಲಿಕ್ಕಿಲ್ಲ. ಹುಬ್ಬಳ್ಳಿಗೆ ದೊಡ್ಡ ಮಾತೇ.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ. ಹುಬ್ಬಳ್ಳಿಯ ತಂಡ ಕಟ್ಟಿಕೊಂಡು ಹರ್ಡೀಕರ ಹೋದರು, ಜೈಲಿಗೆ ಬಿದ್ದರು. ಜೈಲಿನ ಕಾಟ ತಾಳಲಾರದೆ ಬೇರೆ ಕಡೆಯ ಅನೇಕರು ಮಾಫಿ ಬರೆದುಕೊಟ್ಟು ಹೊರಬಿದ್ದರು. ಹುಬ್ಬಳ್ಳಿಯ ಹುಡುಗರು ಬರೆದುಕೊಡಲಿಲ್ಲ. ಇದು ಕಾಂಗ್ರೆಸಿನ ದೊಡ್ಡವರ ಕಣ್ಣಿಗೆ ಬಿತ್ತು. ಎಲ್ಲರೂ ದೇಶಭಕ್ತರೇ, ಆದರೆ ಇವರು ಮಾತ್ರ ಹ್ಯಾಂಗ ನಿಂತರು? ಇವರಿಗೆ ಮೊದಲೇ ತಾಲೀಮು ಆಗಿತ್ತು, ಅಷ್ಟೇ ವ್ಯತ್ಯಾಸ. ಆಗ ಹರ್ಡೀಕರ ಇಡೀ ದೇಶಕ್ಕೇ ಇಂಥ ಒಂದು ದಳ ಬೇಕೆಂದು ಹಟ ಹಿಡಿದರು.

ಅದೇ ವರ್ಷ ಡಿಸೆಂಬರದಲ್ಲಿ ಕಾಕಿನಾಡ ಕಾಂಗ್ರೆಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಸುಲಭಕ್ಕೇನೂ ಹುಟ್ಟಲಿಲ್ಲ. ಸಾಲು ನಿಂತು ಕವಾಯತು ಮಾಡುವುದು ದಂಡಿನ ಚಾಳಿ, ಅಹಿಂಸೆಗೆ ಒಗ್ಗುವುದಿಲ್ಲ ಎಂದು ಕಾಂಗ್ರೆಸಿನೊಳಗೇ ತಕರಾರು ಎದ್ದಿತು. ಜವಾಹರಲಾಲ ನೆಹರೂ ಬೆನ್ನಿಗೆ ನಿಂತು ದಳದ ಮೊದಲ ಅಧ್ಯಕ್ಷರಾದರು. ಕಚೇರಿ ಹುಬ್ಬಳ್ಳಿಯಲ್ಲಿ. ಅಲ್ಲಿಂದಲೇ ವಾಲಂಟಿಯರ್ ಎಂಬ ಇಂಗ್ಲಿಷ್ ಪತ್ರಿಕೆ. ತಿಂಗಳ ಕೊನೆಯ ಆದಿತ್ಯವಾರ ಬೆಳಿಗ್ಗೆ ಧ್ವಜವಂದನೆ. ದಿಲ್ಲಿ ಮುಂಬೈ ಬಿಟ್ಟು ನಮ್ಮ ಹುಬ್ಬಳ್ಳಿ ಇಡೀ ದೇಶಕ್ಕೆ ಹುಕುಂ ಕಳಿಸಿದ ಕಾಲವೂ ಒಂದಿತ್ತು ಎನ್ನುವುದು ಇವತ್ತಿನ ಹುಡುಗರಿಗೆ ಗೊತ್ತಿಲ್ಲ.

1924ರ ಡಿಸೆಂಬರದ ಬೆಳಗಾವಿ ಕಾಂಗ್ರೆಸ್ಸೇ ಆ ವಿದ್ಯೆಯ ನಿಜವಾದ ಪರೀಕ್ಷೆ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆ ಅದರ ಯಜಮಾನಿಕೆ ಹೊತ್ತಿದ್ದರು. ಟಿಳಕವಾಡಿಯ ಬಯಲಿನಲ್ಲಿ ಡೇರೆಗಳ ಊರೇ ಎದ್ದಿತು. ಸಾವಿರಾರು ಮಂದಿಗೆ ನೀರು ಬೇಕೆಂದು ಹೊಸ ಬಾವಿಯನ್ನೇ ತೋಡಿಸಿದರು. ಖರ್ಚು 4,370 ರೂಪಾಯಿ 3 ಆಣೆ. ಕಾಂಗ್ರೆಸ್ ಬಾವಿ ಅಂತ ಇವತ್ತಿಗೂ ಬೆಳಗಾವಿಯವರು ತೋರಿಸುತ್ತಾರೆ. ಹರ್ಡೀಕರರ ಸ್ವಯಂಸೇವಕರು ಮಂದಿಯನ್ನು ಸಂಭಾಳಿಸಿದರು. ಉಮಾಬಾಯಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಕರೆತಂದಿದ್ದರು. ಕಕ್ಕಸು ಗುಡಿಸಿ ಮಣ್ಣು ಮುಚ್ಚುವ ಕೆಲಸವನ್ನೂ ಸ್ವಯಂಸೇವಕರೇ ಮಾಡಿದರು, ಅದರಲ್ಲಿ ಬ್ರಾಹ್ಮಣರ ಹುಡುಗರೂ ಇದ್ದರು. ಆನ್ ಆರ್ಬರಿನ ಡೀನ್ ಸಾಹೇಬರು ಟೈಫಾಯ್ಡಿಗೆ ಸತ್ತ ಸಿಪಾಯಿಗಳ ಡೇರೆಗಳಲ್ಲಿ ಕಂಡುಕೊಂಡದ್ದನ್ನೂ ಬೆಳಗಾವಿಯ ಈ ಬಯಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹರ್ಡೀಕರರ ಓದು ಎಲ್ಲಿಗೂ ಹಾಳಾಗಿ ಹೋಗಲಿಲ್ಲ ಅನ್ನಿಸದೇ ಇರದು. ಡಿಗ್ರಿಯ ಕಾಗದ ಪೆಟ್ಟಿಗೆಯಲ್ಲಿ ಉಳಿದಿರಬಹುದು, ವಿದ್ಯೆ ಬಯಲಿಗೆ ಬಂತು.

1931ರಲ್ಲಿ ದಳವನ್ನು ಕಾಂಗ್ರೆಸಿನ ಸ್ವಂತ ಅಂಗವಾಗಿ ತೆಗೆದುಕೊಂಡರು. 1932ರಲ್ಲಿ ಸರ್ಕಾರ ಎರಡನ್ನೂ ಬಂದ್ ಮಾಡಿತು. ಮುಂದೆ ಕಾಂಗ್ರೆಸಿನ ಮೇಲಿನ ಬಂದಿ ತೆಗೆದರೂ ಸೇವಾದಳದ ಮೇಲಿನದನ್ನು ತೆಗೆಯಲಿಲ್ಲ. ಭಾಷಣದವರಿಗಿಂತ ಸಾಲು ನಿಲ್ಲುವವರ ಬಗ್ಗೆ ಬ್ರಿಟಿಷರಿಗೆ ಎಷ್ಟು ಅಂಜಿಕೆ ಇತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಂತ ಡಾಕ್ಟರಿಕೆಯನ್ನು ಪೂರ್ತಿ ಬಿಟ್ಟರೆಂದೇನೂ ಅಲ್ಲ. ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮವನ್ನು 1929ರಲ್ಲಿ ಶುರು ಮಾಡಿ ಬೆಳೆಸಿದವರಲ್ಲಿ ಹರ್ಡೀಕರರೂ ಒಬ್ಬರು. ರೈಲು ದಾರಿಯ ಪಕ್ಕ, ಹೊಳೆಯ ಗಾಳಿ, ಬಡವರಿಗೂ ಕೈಗೆಟುಕುವ ದವಾಖಾನೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಹಳ್ಳಿಯವರು ಘಟಪ್ರಭೆಗೆ ಹೋಗುವುದು ವಾಡಿಕೆ. ಅಮೇರಿಕೆಯಿಂದ ಬಂದ ವಿದ್ಯೆಯ ಒಂದು ಪಾಲು ಆ ಕಟ್ಟಡದ ಗೋಡೆಯಲ್ಲೂ ಇದೆ ಎಂಬುದು ಓ.ಪಿ.ಡಿ. ಸಾಲಿನಲ್ಲಿ ಚೀಟಿ ಹಿಡಿದು ನಿಂತವರಿಗೆ ಯಾರು ಹೇಳಬೇಕು?

ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1962ರ ತನಕ ರಾಜ್ಯಸಭೆಯಲ್ಲಿ ಕೂತರು. 1958ರಲ್ಲಿ ಪದ್ಮಭೂಷಣ ಕೊಟ್ಟರು. ಮಂತ್ರಿಗಿರಿ, ಕಾರಖಾನೆ, ಬಂಗಲೆ ಎಂಬ ದಾರಿಗೆ ಹೋದವರಲ್ಲ. 1975ರ ಆಗಸ್ಟ್ 26ರಂದು ತೀರಿಕೊಂಡಾಗ ವಯಸ್ಸು 86. ಹುಟ್ಟಿ ನೂರು ವರ್ಷ ತುಂಬಿದ 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಒಂದು ಚೀಟಿ ತೆಗೆಯಿತು. ಆಗ ವಿಜಯಪುರದ ಎರಡೂ ಮೆಡಿಕಲ್ ಕಾಲೇಜುಗಳು ಶುರುವಾಗಿ ಐದಾರು ವರ್ಷ ಕೂಡ ಆಗಿರಲಿಲ್ಲ.